ಕಲಾಶಾಲೆಗೆ ಅರ್ಜಿ: ಪೋರ್ಟ್‌ಫೋಲಿಯೊ ಹೇಗಿರಬೇಕು?

ದ್ವಿತೀಯ ಪಿ.ಯು.ಸಿ. ಮುಗಿಸಿದವರಲ್ಲಿ ಗ್ರಾಫಿಕ್ ಡಿಸೈನ್ ಕಲಿಯಬೇಕೆಂಬ ಆಸೆಯುಳ್ಳವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಗೂ ಅವರ ತಂದೆತಾಯಿಗಳಿಗೂ ಎದುರಾಗುವ ಮೊದಲ ತೊಡಕು ಪೋರ್ಟ್‌ಫೋಲಿಯೊ, ಅಂದರೆ ಪ್ರವೇಶಕ್ಕಾಗಿ ತೋರಿಸಬೇಕಾದ ಸ್ವಂತ ಕೃತಿಗಳ ಸಂಪುಟ. ಅದರಲ್ಲಿ ಏನಿರಬೇಕೆಂದು ತಿಳಿಯದೆ ಕೆಲವರು ದುಬಾರಿ ಶುಲ್ಕ ತೆತ್ತು ತರಬೇತಿಗೆ ಸೇರುತ್ತಾರೆ. ಇನ್ನು ಕೆಲವರು ಇದು ನಮ್ಮಂಥವರಿಗಲ್ಲ ಎಂದು ಆಸೆಯನ್ನೇ ಕೈಬಿಡುತ್ತಾರೆ. ಎರಡೂ ಅನಗತ್ಯ. ಒಳ್ಳೆಯ ಪೋರ್ಟ್‌ಫೋಲಿಯೊಗೆ ಬೇಕಾದ ಸಾಮಗ್ರಿ ನಿಮ್ಮ ಮನೆಯ ಸುತ್ತಮುತ್ತಲೇ ಇದೆ.

ಮೊದಲು ಗ್ರಾಫಿಕ್ ಡಿಸೈನ್ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳೋಣ. ಅಕ್ಷರ, ಚಿತ್ರ, ಬಣ್ಣ ಮತ್ತು ಖಾಲಿ ಜಾಗವನ್ನು ಬಳಸಿ ನಿರ್ದಿಷ್ಟ ಜನರಿಗೆ ನಿರ್ದಿಷ್ಟ ವಿಷಯವನ್ನು ಮುಟ್ಟಿಸುವುದೇ ಈ ವಿದ್ಯೆ. ನಮ್ಮ ಬಿ.ವಿ.ಎ. ಪದವಿಗಳಲ್ಲಿ ಇದು ಸಾಮಾನ್ಯವಾಗಿ ಅನ್ವಯಿಕ ಕಲೆ ಎಂಬ ವಿಭಾಗದಲ್ಲಿ ಬರುತ್ತದೆ.

ದೂರದರ್ಶನದ ಲಾಂಛನವನ್ನೇ ನೋಡಿ. ಒಂದು ವೃತ್ತ, ಅದರ ಸುತ್ತ ಎರಡು ಬಾಗುರೇಖೆಗಳು. ನೋಡಿದೊಡನೆ ಕಣ್ಣು ನೆನಪಾಗುತ್ತದೆ. 1970ರ ದಶಕದಲ್ಲಿ ಇದನ್ನು ರೂಪಿಸಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯ. 2010ರಲ್ಲಿ ಭಾರತ ಸರ್ಕಾರ ಅಂಗೀಕರಿಸಿದ ರೂಪಾಯಿ ಚಿಹ್ನೆ ಡಿ. ಉದಯ ಕುಮಾರ್ ಅವರದು. ದೇವನಾಗರಿಯ 'ರ' ಮತ್ತು ರೋಮನ್ ಲಿಪಿಯ 'ಆರ್' ಅಕ್ಷರಗಳು ಅದರಲ್ಲಿ ಒಂದಾಗಿವೆ. ಎರಡರಲ್ಲೂ ಇರುವುದು ಬೆರಳೆಣಿಕೆಯ ಗೆರೆಗಳು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ವಿವೇಚನೆಯೇ ಇಲ್ಲಿನ ಬಂಡವಾಳ. ಆಯ್ಕೆ ಸಮಿತಿಯವರು ನಿಮ್ಮಲ್ಲಿ ಹುಡುಕುವುದೂ ಅದನ್ನೇ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ರೆಕಾರ್ಡ್ ಪರಿಚಿತ. ಅದರಲ್ಲಿ ಉತ್ತರವೊಂದನ್ನೇ ಬರೆದರೆ ಸಾಲದು. ಉದ್ದೇಶ, ವಿಧಾನ, ವೀಕ್ಷಣೆ, ಫಲಿತಾಂಶ ಎಲ್ಲವೂ ಬೇಕು. ಪೋರ್ಟ್‌ಫೋಲಿಯೊವನ್ನೂ ಹಾಗೆಯೇ ಭಾವಿಸಿ. ಛಾಯಾಚಿತ್ರ ನೋಡಿ ಬರೆದ ಚಿತ್ರನಟರ ಮುಖಗಳು ಹತ್ತಿದ್ದರೂ ನಿಮ್ಮ ಕೈ ಪಳಗಿದೆ ಎಂಬುದಷ್ಟೇ ತಿಳಿಯುತ್ತದೆ. ನೀವು ಹೇಗೆ ಯೋಚಿಸುತ್ತೀರಿ ಎಂಬುದು ತಿಳಿಯುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಔಷಧಿ ಅಂಗಡಿಯವರು ಮಾತ್ರೆಯ ಪೊಟ್ಟಣದ ಮೇಲೆ 1-0-1 ಎಂದು ಬರೆದುಕೊಡುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಓದು ಬಾರದ ಅಜ್ಜಿಗೆ ಇದು ಅರ್ಥವಾಗದಿದ್ದರೆ ಮಾತ್ರೆಯ ಹೊತ್ತು ತಪ್ಪುತ್ತದೆ. ಇದನ್ನು ಸರಿಪಡಿಸುವ ಪೊಟ್ಟಣವನ್ನು ನೀವು ವಿನ್ಯಾಸಗೊಳಿಸುತ್ತೀರಿ ಎನ್ನಿ. ಮೊದಲ ಪುಟದಲ್ಲಿ ಈಗಿರುವ ಪೊಟ್ಟಣದ ಚಿತ್ರ ಮತ್ತು ನೀವು ಕಂಡ ತೊಂದರೆ ಇರಲಿ. ಎರಡನೆಯದರಲ್ಲಿ ಉದಯಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಹೀಗೆ ಕಚ್ಚಾ ರೇಖಾಚಿತ್ರಗಳಿರಲಿ. ಅವನ್ನು ನಾಲ್ಕು ಜನ ಹಿರಿಯರಿಗೆ ತೋರಿಸಿ. ಎರಡು ಸೂರ್ಯರಲ್ಲಿ ಯಾವುದು ಬೆಳಗಿನದೆಂದು ಅವರು ಗೊಂದಲಗೊಂಡರೆ ಅದನ್ನೂ ಬರೆಯಿರಿ. ಬೆಳಗಿನ ಗುರುತಿಗೆ ಹುಂಜವನ್ನು ತಂದು ಮತ್ತೆ ತೋರಿಸಿ. ಕೊನೆಯ ಪುಟದಲ್ಲಿ ಸಿದ್ಧವಾದ ಪೊಟ್ಟಣವಿರಲಿ. ಈ ನಾಲ್ಕು ಪುಟಗಳಿಗೆ ತಗಲುವ ಖರ್ಚು ಕಾಗದ ಮತ್ತು ಪೆನ್ಸಿಲಿನದು ಮಾತ್ರ.

ಕನ್ನಡ ಬಲ್ಲವರಿಗೆ ಇನ್ನೊಂದು ಅನುಕೂಲವಿದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದಿರುವುದು ಇದರಿಂದಲೇ. ಊರಿನ ಜಾತ್ರೆಗೋ ನಾಟಕಕ್ಕೋ ಒಂದು ಕನ್ನಡ ಭಿತ್ತಿಪತ್ರ ಮಾಡಿ, ಈ ತೊಡಕನ್ನು ನೀವು ಹೇಗೆ ಬಿಡಿಸಿದಿರೆಂದು ತೋರಿಸಿ.

ಎಲ್ಲ ಸಂಸ್ಥೆಗಳ ನಿಯಮ ಒಂದೇ ಅಲ್ಲ. ಐ.ಐ.ಟಿ.ಗಳ ಬಿ.ಡಿಸ್. ಪ್ರವೇಶ 2015ರಲ್ಲಿ ಆರಂಭವಾದ ಯುಸೀಡ್ ಪರೀಕ್ಷೆಯ ರ‍್ಯಾಂಕ್ ಮೇಲೆ ನಡೆಯುತ್ತದೆ. ಅಲ್ಲಿ ಪೋರ್ಟ್‌ಫೋಲಿಯೊ ಕೇಳುವುದಿಲ್ಲ, ಆದರೆ ಪರೀಕ್ಷೆಯ ಒಂದು ಭಾಗದಲ್ಲಿ ಕೈಯಿಂದ ಚಿತ್ರ ಬಿಡಿಸಬೇಕಾಗುತ್ತದೆ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ 12ರಿಂದ 20 ಕೃತಿಗಳನ್ನು ಕೇಳುತ್ತದೆ. ಆದ್ದರಿಂದ ಆಯಾ ವರ್ಷದ ಪ್ರವೇಶ ಸೂಚನೆಯನ್ನು ಮೊದಲು ಓದಿ. ಕೃತಿಗಳ ಸಂಖ್ಯೆ, ಅಳತೆ, ಕೊನೆಯ ದಿನಾಂಕ ಗುರುತು ಮಾಡಿಕೊಂಡು ಕೆಲಸಕ್ಕೆ ತೊಡಗಿ.

ಜೋಡಿಸುವಾಗ ಅತ್ಯುತ್ತಮ ಕೃತಿ ಮೊದಲು, ಅದರಷ್ಟೇ ಗಟ್ಟಿಯಾದ ಇನ್ನೊಂದು ಕೊನೆಗೆ ಇರಲಿ. ಸಂಖ್ಯೆ ತುಂಬಿಸಲು ದುರ್ಬಲ ಕೃತಿಗಳನ್ನು ಸೇರಿಸಬೇಡಿ. ಎದುರಿನ ವಸ್ತುವನ್ನು ನೋಡಿ ಬರೆದ ಚಿತ್ರಗಳು ಕೆಲವು ಇರಲಿ: ಸಂತೆ, ಬಸ್ ನಿಲ್ದಾಣ, ಅಡುಗೆಮನೆಯ ಪಾತ್ರೆಗಳು. ಪ್ರತಿ ಕೃತಿಯ ಕೆಳಗೆ ವರ್ಷ, ಮಾಧ್ಯಮ ಮತ್ತು ಎರಡು ಸಾಲಿನ ವಿವರಣೆ ಸಾಕು. ಛಾಯಾಚಿತ್ರ ತೆಗೆಯುವಾಗ ಬಿಸಿಲು ನೇರವಾಗಿ ಬೀಳದ ಕಿಟಕಿಯ ಬೆಳಕಿನಲ್ಲಿ, ಕಾಗದಕ್ಕೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯಿರಿ.

ಕೊನೆಯದಾಗಿ ಪ್ರಾಮಾಣಿಕತೆಯ ಮಾತು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಚಿತ್ರ ಮಾಡಿಕೊಡುತ್ತವೆ. ಅವುಗಳ ಬಗ್ಗೆ ಸಂಸ್ಥೆಯ ನಿಯಮವೇನೆಂದು ತಿಳಿದುಕೊಳ್ಳಿ. ಬಳಸಿದ್ದರೆ ಮುಚ್ಚಿಡದೆ ತಿಳಿಸಿ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಎಷ್ಟೆಂದು ಬರೆಯಿರಿ. ಸಂದರ್ಶನದಲ್ಲಿ 'ಈ ಬಣ್ಣವೇ ಏಕೆ?' ಎಂದು ಕೇಳಿದಾಗ ಬೇರೆಯವರ ಕೃತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಕೊನೆಯ ದಿನಾಂಕಕ್ಕೆ ಆರು ತಿಂಗಳು ಮೊದಲೇ ಪ್ರಾರಂಭಿಸಿ. ಒರಟು ಹಾಳೆಗಳನ್ನು ಎಸೆಯದೆ ದಿನಾಂಕ ಹಾಕಿ ಇಡಿ. ತಂದೆತಾಯಿಗಳಲ್ಲಿಯೂ ಒಂದು ವಿನಂತಿ: ಆ ಹಾಳೆಗಳನ್ನು ರದ್ದಿಗೆ ಹಾಕುವ ಮುನ್ನ ಮಕ್ಕಳನ್ನೊಮ್ಮೆ ಕೇಳಿ. ಕಲಾಶಾಲೆಯವರು ನೋಡಬಯಸುವುದು ಅವನ್ನೇ ಇರಬಹುದು.