ಕಂಪನಿಗಳ ಜಾತಕ ಜಾಲಾಡುವ ಜನಸಂಶೋಧಕರು

ಚಳವಳಿಗಳಿಗಾಗಿ ಕಂಪನಿಗಳ ಒಡೆತನ, ಹಣಕಾಸು, ನಡವಳಿಕೆಗಳನ್ನು ದಾಖಲೆ ಸಮೇತ ಶೋಧಿಸುವ ಸಣ್ಣ ಗುಂಪುಗಳು ಕಳೆದ ಅರವತ್ತು ವರ್ಷಗಳಲ್ಲಿ ಹಲವು ದೇಶಗಳಲ್ಲಿ ಬೆಳೆದಿವೆ. ಇವು ವಿಶ್ವವಿದ್ಯಾಲಯದ ವಿಭಾಗಗಳಲ್ಲ, ಪತ್ರಿಕಾ ಕಚೇರಿಗಳೂ ಅಲ್ಲ. ಗಣಿಯ ದೂಳು ಕುಡಿಯುವ ಊರಿನವರು, ಕೂಲಿಗಾಗಿ ಹೋರಾಡುವ ಕಾರ್ಮಿಕರು ಕೇಳುವ ಪ್ರಶ್ನೆಗಳಿಂದ ಇವುಗಳ ಕೆಲಸ ಶುರುವಾಗುತ್ತದೆ: ಈ ಕಂಪನಿ ಯಾರದು? ಸಾಲ ಕೊಟ್ಟವರು ಯಾರು? ಯಾವ ಷರತ್ತಿನ ಮೇಲೆ ಅನುಮತಿ ಸಿಕ್ಕಿತು? ಸಿಕ್ಕ ಉತ್ತರ ಮರಳಿ ಹೋಗಬೇಕಾದದ್ದೂ ಅವರ ಕೈಗೇ.

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮುಂಚೂಣಿಯಲ್ಲಿದ್ದ ಎಸ್‌ಎನ್‌ಸಿಸಿ ಎಂಬ ವಿದ್ಯಾರ್ಥಿ ಸಂಘಟನೆ 1960ರ ದಶಕದಲ್ಲಿ ತನ್ನದೇ ಸಂಶೋಧನಾ ವಿಭಾಗ ತೆರೆದಿತ್ತು. ಜ್ಯಾಕ್ ಮಿನ್ನಿಸ್ ಮುನ್ನಡೆಸಿದ ಈ ವಿಭಾಗ, ದಕ್ಷಿಣದ ರಾಜ್ಯಗಳಲ್ಲಿ ಅಧಿಕಾರ ನಡೆಸುವವರಿಗೂ ದೊಡ್ಡ ಉದ್ಯಮಗಳಿಗೂ ಇರುವ ನಂಟನ್ನು ಬಿಡಿಸಿ ತೋರಿಸಿತು. ಲಂಡನ್ನಿನಲ್ಲಿ 1971ರಲ್ಲಿ ಹುಟ್ಟಿದ ಕೌಂಟರ್ ಇನ್‌ಫರ್ಮೇಷನ್ ಸರ್ವಿಸಸ್, ಷೇರುದಾರರಿಗೆ ಕಂಪನಿ ಕೊಡುವ ವಾರ್ಷಿಕ ವರದಿಗೆ ಎದುರಾಗಿ ‘ಪ್ರತಿವರದಿ’ಗಳನ್ನು ಅಚ್ಚು ಹಾಕಿಸಿತು. ರಿಯೊ ಟಿಂಟೊ ಝಿಂಕ್, ಫೋರ್ಡ್, ಯೂನಿಲಿವರ್ ಕಂಪನಿಗಳ ಲಾಭದ ಹಿಂದಿನ ದುಡಿಮೆ ಮತ್ತು ನೆಲದ ಕಥೆ ಅವುಗಳಲ್ಲಿ ದಾಖಲಾಯಿತು. ಆಮ್‌ಸ್ಟರ್‌ಡ್ಯಾಮ್‌ನ ಸೋಮೊ 1973ರಲ್ಲಿ ಆರಂಭವಾಗಿ ಇಂದಿಗೂ ಬಹುರಾಷ್ಟ್ರೀಯ ಕಂಪನಿಗಳ ಅಧ್ಯಯನ ನಡೆಸುತ್ತಿದೆ. ರಸ್ತೆ ವಿಸ್ತರಣೆಯ ವಿರುದ್ಧ ಬ್ರಿಟನ್ನಿನಲ್ಲಿ ನಡೆದ ಹೋರಾಟದ ಒಡಲಿನಿಂದ 1996ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾರ್ಪೊರೇಟ್ ವಾಚ್ ಮೂಡಿಬಂತು.

ಈ ಕೆಲಸದ ಶಕ್ತಿ ಎಂಥದೆಂಬುದಕ್ಕೆ ಅಮೆರಿಕದ ಅಪ್ಪಲೇಚಿಯಾ ಬೆಟ್ಟಸೀಮೆ ಸಾಕ್ಷಿ. 1977ರ ಏಪ್ರಿಲ್‌ನಲ್ಲಿ ಟಗ್ ಫೋರ್ಕ್ ನದಿ ಉಕ್ಕಿ ಬಹಳಷ್ಟು ಕುಟುಂಬಗಳು ಬೀದಿಗೆ ಬಿದ್ದವು. ತಾತ್ಕಾಲಿಕ ಮನೆ ಕಟ್ಟಲು ಜಾಗ ಹುಡುಕಿದರೆ ನೆಲದ ಬಹುಪಾಲು ಕಲ್ಲಿದ್ದಲು ಮತ್ತು ಭೂಮಿ ಕಂಪನಿಗಳ ಹೆಸರಿನಲ್ಲಿತ್ತು. ಇಡೀ ಸೀಮೆ ಯಾರ ಕೈಯಲ್ಲಿದೆ ಎಂದು ತಿಳಿಯಲೇಬೇಕೆಂದು ಸ್ಥಳೀಯ ಸಂಘಟನೆಗಳು ಕಾರ್ಯಪಡೆಯೊಂದನ್ನು ಕಟ್ಟಿದವು. ತರಬೇತಿ ಪಡೆದ ಊರಿನವರು, ಕಾರ್ಯಕರ್ತರು, ವಿದ್ಯಾರ್ಥಿಗಳು ಆರು ರಾಜ್ಯಗಳ 80 ಕೌಂಟಿ ಕಚೇರಿಗಳಲ್ಲಿ ಕೂತು, ತೆರಿಗೆ ಪುಸ್ತಕಗಳನ್ನು ಸಾಲು ಸಾಲಾಗಿ ಓದಿ, ಒಡೆಯರ ಹೆಸರು, ವಿಳಾಸ, ಎಕರೆ, ಕಟ್ಟಿದ ತೆರಿಗೆಗಳನ್ನು ನಮೂನೆಗಳಲ್ಲಿ ತುಂಬಿದರು. ಸುಮಾರು 2 ಕೋಟಿ ಎಕರೆಯ ಲೆಕ್ಕ ಹೀಗೆ ಸಿಕ್ಕಿತು. ಖನಿಜದ ಹಕ್ಕಿರುವ ಒಡೆಯರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಎಕರೆಗೆ 25 ಸೆಂಟ್ಸ್‌ಗಿಂತ ಕಡಿಮೆ ತೆರಿಗೆ ಕಟ್ಟುತ್ತಿದ್ದರು. ಕಲ್ಲಿದ್ದಲಿನ ಮೇಲೆ ಕೂತ ಊರುಗಳ ಶಾಲೆ, ರಸ್ತೆಗಳಿಗೆ ಹಣವಿಲ್ಲದ್ದಕ್ಕೆ ಕಾರಣ ಅಂಕಿಅಂಶಗಳಲ್ಲೇ ಬಯಲಾಯಿತು. 1981ರಲ್ಲಿ ವರದಿ ಹೊರಬಂತು. ಅದೇ ವರ್ಷ ಕೆಂಟಕಿ ರಾಜ್ಯದಲ್ಲಿ ನ್ಯಾಯವಾದ ತೆರಿಗೆಗಾಗಿ ಜನರ ಒಕ್ಕೂಟವೊಂದು ರೂಪುಗೊಂಡಿತು. ನೆಲದಡಿಯ ಕಲ್ಲಿದ್ದಲಿಗೆ ಅಲ್ಲಿದ್ದ ನಾಮಕಾವಾಸ್ತೆ ತೆರಿಗೆಯನ್ನು 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಶೋಧನೆಯ ಮೊದಲ ಆಕರ ಕಂಪನಿಯೇ ಸರ್ಕಾರಕ್ಕೆ ಸಲ್ಲಿಸಿದ ಕಾಗದಪತ್ರ. ಭಾರತದಲ್ಲಿ ನೋಂದಾಯಿತ ಪ್ರತಿ ಕಂಪನಿಗೂ 21 ಅಕ್ಷರ–ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಅದರ ಮೊದಲ ಅಕ್ಷರ ‘ಎಲ್’ ಆಗಿದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ‘ಯು’ ಆಗಿದ್ದರೆ ಅಲ್ಲಿಲ್ಲದ್ದು. ಮುಂದಿನ ಐದು ಅಂಕಿ ಉದ್ಯಮದ ಬಗೆ, ಆಮೇಲಿನ ಎರಡು ಅಕ್ಷರ ರಾಜ್ಯ, ನಂತರದ ನಾಲ್ಕು ಅಂಕಿ ಸ್ಥಾಪನೆಯ ವರ್ಷ. ಈ ಸಂಖ್ಯೆ ಹಿಡಿದು ಹೊರಟರೆ ನಿರ್ದೇಶಕರ ಹೆಸರು, ಅದೇ ನಿರ್ದೇಶಕರು ಕೂತಿರುವ ಬೇರೆ ಕಂಪನಿಗಳು, ಅಡವಿಟ್ಟ ಆಸ್ತಿ, ಸಾಲ ಕೊಟ್ಟ ಬ್ಯಾಂಕು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಪಹಣಿ, ಪರಿಸರ ಅನುಮತಿಯ ಷರತ್ತುಗಳು, ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತಗಳನ್ನು ಜೊತೆಗಿಟ್ಟು ಓದಿದಾಗ, ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ಕಾಣುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಸರ್ಕಾರಿ ಕಡತಗಳು ಹಳ್ಳಿಯವರಿಗೂ ಎಟಕುವಂತಾದವು.

ಕಂಪನಿ ಯಾರ ಮಾತಿಗೆ ಬಗ್ಗುತ್ತದೆ ಎಂದು ಗುರುತಿಸುವುದು ಮುಂದಿನ ಹೆಜ್ಜೆ. ವಿಯೆಟ್ನಾಂನಲ್ಲಿ ನೈಕಿಗಾಗಿ ಶೂ ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಒಳ ತಪಾಸಣಾ ವರದಿ 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧನಾ ಗುಂಪೊಂದಕ್ಕೆ ಸಿಕ್ಕಿತು. ಕಾರ್ಖಾನೆಯ ಕೆಲವು ಭಾಗಗಳಲ್ಲಿ ವಿಷಾನಿಲ ಸ್ಥಳೀಯ ಮಿತಿಯ 177 ಪಟ್ಟು ಇತ್ತೆಂದು ಆ ವರದಿಯೇ ಹೇಳಿತ್ತು. ಕೊಳ್ಳುವ ಗ್ರಾಹಕರ ಮುಂದೆ ವಿಷಯ ಬಂದ ಮೇಲೆ, ಮರುವರ್ಷ ಕಂಪನಿ ಗಾಳಿಯ ಗುಣಮಟ್ಟ ಮತ್ತು ಕಾರ್ಮಿಕರ ಕನಿಷ್ಠ ವಯಸ್ಸಿನ ನಿಯಮ ಬಿಗಿ ಮಾಡುವುದಾಗಿ ಘೋಷಿಸಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ವೇದಾಂತ ಕಂಪನಿಯ ಗಣಿ ಯೋಜನೆಯ ವಿರುದ್ಧ ನಡೆದ ಹೋರಾಟದ ಹೊತ್ತಿನಲ್ಲಿ ಒತ್ತಡ ಬಿದ್ದದ್ದು ಹೂಡಿಕೆದಾರರ ಮೇಲೆ: ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ 2007ರಲ್ಲಿ, ಇಂಗ್ಲೆಂಡಿನ ಚರ್ಚ್ 2010ರಲ್ಲಿ ವೇದಾಂತದ ಷೇರುಗಳಿಂದ ದೂರ ಸರಿದವು.

ಕರ್ನಾಟಕದಲ್ಲಿ ಈ ಪರಂಪರೆಗೆ ಗಟ್ಟಿ ಬೇರುಗಳಿವೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಒಪ್ಪಂದದ ವಿವರಗಳನ್ನು ಹಳ್ಳಿಗಳಿಗೆ ಒಯ್ದಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟಿಗೇರಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಆ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದ ನಾಲ್ಕು ವರ್ಷಗಳ ನಂತರ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಸಮಾಜ ಪರಿವರ್ತನ ಸಮುದಾಯವೇ 2009ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಹೂಡಿದ ಪ್ರಕರಣದಲ್ಲಿ ಗುತ್ತಿಗೆಗಳ ಗಡಿ ಅಳತೆ ನಡೆದು, 2013ರಲ್ಲಿ ಗಂಭೀರ ಅಕ್ರಮದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು.

ಇಂಥ ಸಂಶೋಧನೆಗೆ ಅಡ್ಡಿಗಳೂ ಬಹಳ. ನಕಲಿ ಕಂಪನಿಗಳ ಸರಮಾಲೆಯ ಹಿಂದೆ ನಿಜವಾದ ಮಾಲೀಕರು ಮರೆಯಾಗಿರುತ್ತಾರೆ. ಅವರ ಹೆಸರಿನ ಪಟ್ಟಿ ಎಲ್ಲರಿಗೂ ತೆರೆದಿರಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2022ರಲ್ಲಿ ಅನೂರ್ಜಿತಗೊಳಿಸಿತು. ಒಂದು ಅಂಕಿ ತಪ್ಪಿದರೂ ಮಾನನಷ್ಟ ಮೊಕದ್ದಮೆ ಎದುರಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ನಂಬಿದ ಜನರ ಹೋರಾಟವೇ ಸೋಲುತ್ತದೆ. ಆದ್ದರಿಂದ ಪ್ರತಿ ವಾಕ್ಯದ ಹಿಂದೆಯೂ ದಾಖಲೆ ಇರಬೇಕೆಂಬುದು ಇಲ್ಲಿ ಕಟ್ಟುನಿಟ್ಟಿನ ಶಿಸ್ತು. ಈ ವಿದ್ಯೆಯನ್ನು ಗುಂಪುಗಳು ತಮ್ಮಲ್ಲೇ ಇಟ್ಟುಕೊಳ್ಳುವುದಿಲ್ಲ. ಕಾರ್ಪೊರೇಟ್ ವಾಚ್ ಕಂಪನಿ ಶೋಧನೆಗೆ ಕೈಪಿಡಿಯನ್ನೇ ಪ್ರಕಟಿಸಿದೆ. ಬ್ಯಾಲೆನ್ಸ್ ಶೀಟು, ಪಹಣಿ, ಅನುಮತಿ ಪತ್ರಗಳನ್ನು ಸ್ವತಃ ಓದಬಲ್ಲ ಊರಿನವರು ಸಾರ್ವಜನಿಕ ಅಹವಾಲು ಸಭೆಯಲ್ಲಿ ಅಧಿಕಾರಿಗಳನ್ನು ದಾಖಲೆ ಹಿಡಿದೇ ಪ್ರಶ್ನಿಸಬಲ್ಲರು, ಮುಂದಿನ ಕಂಪನಿ ಬಂದಾಗ ಹೊರಗಿನವರಿಗಾಗಿ ಕಾಯಬೇಕಾಗಿಯೂ ಇಲ್ಲ.