‘ಅವ್ವ’ ಎಂದು ಓದಲು ಎಷ್ಟು ಮೆಟ್ಟಿಲು?

ಹಳ್ಳಿಯ ಮನೆಯೊಂದರ ಕಟ್ಟೆಯ ಮೇಲೆ ಮೂರನೇ ತರಗತಿಯ ಹುಡುಗಿ ಕೂತಿದ್ದಾಳೆ. ಎದುರಿಗೆ ಕೂತ ಸ್ವಯಂಸೇವಕ ಒಂದು ಹಾಳೆ ಚಾಚುತ್ತಾನೆ. ಅದರಲ್ಲಿ ಬಿಡಿ ಅಕ್ಷರಗಳಿವೆ, ಸರಳ ಪದಗಳಿವೆ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲುಗಳಿವೆ, ಕೊನೆಗೆ ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ‘ಪ್ರಥಮ್’ ಸಂಸ್ಥೆ 2005ರಲ್ಲಿ ಶುರುಮಾಡಿದ ‘ಅಸರ್’ ಸಮೀಕ್ಷೆ ನಡೆಯುವುದು ಹೀಗೆ. ಶಾಲೆಗೆ ಹೋಗದೆ ಮನೆಗೇ ಹೋಗಿ ಮಕ್ಕಳನ್ನು ಕಾಣುವುದಕ್ಕೆ ಕಾರಣವಿದೆ. ತರಗತಿಗೆ ಬಾರದ ಮಗುವೂ ಲೆಕ್ಕಕ್ಕೆ ಸಿಗಬೇಕಲ್ಲ!

2024ರಲ್ಲಿ ದೇಶದ ಹಳ್ಳಿಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ಮಾತಾಡಿಸಲಾಯಿತು. 6ರಿಂದ 14 ವರ್ಷದವರಲ್ಲಿ ಶೇ 98ರಷ್ಟು ಮಕ್ಕಳ ಹೆಸರು ಯಾವುದೋ ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ಆದರೆ ಸರ್ಕಾರಿ ಶಾಲೆಯ ಮೂರನೇ ತರಗತಿಯವರಲ್ಲಿ ಆ ಪುಟ್ಟ ಕಥೆಯನ್ನು ಓದಿದವರು ಶೇ 23.4 ಮಾತ್ರ. ಐದನೇ ತರಗತಿಯಲ್ಲೂ ಈ ಪ್ರಮಾಣ ಅರ್ಧ ಮುಟ್ಟಲಿಲ್ಲ. ಶಾಲೆಯ ಬಾಗಿಲು ದಾಟಿದ ಮಕ್ಕಳು ಅಕ್ಷರದ ಬಾಗಿಲಲ್ಲಿ ನಿಂತಿದ್ದಾರೆ.

ಕನ್ನಡದ ಮಗು ಎಲ್ಲಿ ನಿಲ್ಲುತ್ತದೆ? ಅ, ಆ, ಇ, ಈ ಬಾಯಿಪಾಠವಾಗಿರುತ್ತದೆ. ‘ಗರಗಸ’ವನ್ನು ಕೂಡಿಸಿ ಓದಿಬಿಡುತ್ತದೆ. ಕಾಗುಣಿತ ಬಂದಾಗ ವೇಗ ತಗ್ಗುತ್ತದೆ, ಒತ್ತಕ್ಷರ ಕಂಡಲ್ಲಿ ಬೆರಳು ಹಾಳೆಯ ಮೇಲೆಯೇ ಉಳಿಯುತ್ತದೆ. ತಮಾಷೆಯೆಂದರೆ, ಯಾದಗಿರಿ ಕಡೆಯ ಮಗು ಹುಟ್ಟಿದಾಗಿನಿಂದ ಆಡುವ ಮಾತುಗಳಲ್ಲೆಲ್ಲ ಒತ್ತಕ್ಷರವೇ: ಅವ್ವ, ಅಪ್ಪ, ರೊಟ್ಟಿ, ಹತ್ತಿ. ನಾಲಿಗೆಗೆ ಮೊದಲು ಬಂದ ಪದ ಕಣ್ಣಿಗೆ ದಕ್ಕುವುದು ಎಲ್ಲಕ್ಕಿಂತ ಕೊನೆಗೆ. ಲಂಬಾಣಿ ತಾಂಡಾದ ಮಗುವಿಗಂತೂ ಇನ್ನೊಂದು ಮೆಟ್ಟಿಲು ಹೆಚ್ಚು. ಮನೆಯಲ್ಲಿ ‘ಯಾಡಿ’ ಆಗಿರುವವಳು ಶಾಲೆಯಲ್ಲಿ ‘ಅಮ್ಮ’ ಆಗುತ್ತಾಳೆ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36. ದಕ್ಷಿಣ ಕನ್ನಡದಲ್ಲಿ ಅದು ಶೇ 88 ದಾಟಿತ್ತು, ಯಾದಗಿರಿಯಲ್ಲಿ ಶೇ 52ರ ಆಸುಪಾಸು. ಅಲ್ಲಿನ ಹೆಣ್ಣುಮಕ್ಕಳಲ್ಲಿ ಓದುಬಲ್ಲವರು ಅರ್ಧಕ್ಕಿಂತ ಕಡಿಮೆ. ಈ ಅಂತರ ನಿನ್ನೆ ಮೊನ್ನೆಯದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ ತೆರೆಯಿತು, ಅಚ್ಚುಕೂಟ ಹಾಕಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಅಲ್ಲಿಂದಲೇ ಹೊರಟಿತು. ಯಾದಗಿರಿಯ ಸೀಮೆಯಾದರೋ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದುವೇ ಆಡಳಿತ ಭಾಷೆ, ಕನ್ನಡ ಶಾಲೆಗಳು ವಿರಳ.

ಹಳೆಯ ಕೊರತೆಗೆ ಇಂದಿನ ಬದುಕೂ ಕೂಡಿಕೊಳ್ಳುತ್ತದೆ. ಹತ್ತಿ ಬಿಡಿಸುವ ಹೊತ್ತಿಗೆ ಮಕ್ಕಳ ಕೈಗೂ ಕೆಲಸ. ಸುಗ್ಗಿ ಮುಗಿದರೆ ಅನೇಕ ಕುಟುಂಬಗಳು ಗುಳೆ ಹೊರಡುತ್ತವೆ: ಬೆಂಗಳೂರಿಗೆ, ಪುಣೆಗೆ, ಮುಂಬೈಗೆ. ಅಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡೇ ಮನೆ. ಅಪ್ಪ ಅವ್ವ ಕೆಲಸಕ್ಕೆ ಹೋದರೆ ತಮ್ಮನನ್ನು ಎತ್ತಿಕೊಳ್ಳುವವಳು ದೊಡ್ಡ ಹುಡುಗಿ. ಊರಲ್ಲಿ ಅಜ್ಜಿಯ ಬಳಿ ಉಳಿದವರಿಗೆ ಋತುಮಾನ ವಸತಿ ಶಾಲೆ, ಹೋದವರಿಗೆ ಟೆಂಟ್ ಶಾಲೆ ಎಂದು ಸರ್ಕಾರ ಪ್ರಯತ್ನಿಸಿದೆ. ಆದರೂ ನಾಲ್ಕೈದು ತಿಂಗಳು ಪಾಠ ಕಳೆದುಕೊಂಡು ಬಂದ ಮಗುವಿಗಿಂತ ಪುಸ್ತಕ ಅಷ್ಟರಲ್ಲೇ ಎಷ್ಟೋ ಪುಟ ಮುಂದೆ ಹೋಗಿರುತ್ತದೆ.

ಮಕ್ಕಳನ್ನು ಶಾಲೆಯವರೆಗೆ ಕರೆತರುವ ಕೆಲಸವನ್ನು ರಾಜ್ಯ ತಕ್ಕಮಟ್ಟಿಗೆ ಚೆನ್ನಾಗಿಯೇ ಮಾಡಿದೆ. 2002ರಲ್ಲಿ ‘ಅಕ್ಷರ ದಾಸೋಹ’ದ ಬಿಸಿಯೂಟ ಮೊದಲು ಶುರುವಾದದ್ದು ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲೇ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಒಳಗೆ ಬಂದ ಮಗುವಿಗೆ ಓದು ಕಲಿಸುವುದು ಹೇಗೆಂಬ ಪ್ರಶ್ನೆಗೂ ಒಂದು ಉತ್ತರ ಕರ್ನಾಟಕದಲ್ಲೇ ಹುಟ್ಟಿತ್ತು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಮೇಷ್ಟರುಗಳು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದರು. ಯೂನಿಸೆಫ್ ನೆರವು ಸಿಕ್ಕಿತು. ಬುಡಕಟ್ಟು ಹಾಡಿಗಳ ಮಕ್ಕಳಿರುವ ಆ ಕಾಡಂಚಿನ ತಾಲ್ಲೂಕಿನಲ್ಲಿ ‘ನಲಿ ಕಲಿ’ ಹುಟ್ಟಿದ್ದು ಹಾಗೆ. ಅಲ್ಲಿ ವರ್ಣಮಾಲೆ ಅ, ಆ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದುತ್ತದೆ. ಬೆಂಚುಗಳ ಸಾಲಿಲ್ಲ, ‘ತಟ್ಟೆ’ಗಳಿವೆ: ಮೇಷ್ಟರ ಪೂರ್ತಿ ನೆರವು ಬೇಕಾದವರು ಒಂದು ತಟ್ಟೆಯಲ್ಲಿ, ಜೊತೆಯವರ ನೆರವು ಸಾಕೆನ್ನುವವರು ಇನ್ನೊಂದರಲ್ಲಿ, ತಾವೇ ಕಲಿಯುವವರು ಮತ್ತೊಂದರಲ್ಲಿ. ಗೋಡೆಯ ಮೇಲೆ ಕಲಿಕೆಯ ಏಣಿ. ಗುಳೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

2009-10ರ ಹೊತ್ತಿಗೆ ಈ ಪದ್ಧತಿ ರಾಜ್ಯವ್ಯಾಪಿಯಾಯಿತು. ಒಂದು ತಾಲ್ಲೂಕಿನ ಉತ್ಸಾಹಿ ಮೇಷ್ಟರುಗಳು ಕಟ್ಟಿದ್ದು ಆದೇಶದ ಮೂಲಕ ಊರೂರಿಗೆ ಹೋಯಿತು. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಲು ಅದು ಅನುಕೂಲವಾಗಿಯೂ ಒದಗಿತು. ಆದರೆ ಇಷ್ಟೆಲ್ಲ ತಟ್ಟೆಗಳ ನಡುವೆ ಒಬ್ಬರೇ ಶಿಕ್ಷಕರು. ಅವರಿಗೂ ದಾಖಲೆ ಬರೆಯುವ, ಬಿಸಿಯೂಟದ ಲೆಕ್ಕ ಇಡುವ ಕೆಲಸ ತಪ್ಪದು. ‘ಬರೀ ಆಟ ಆಡಿಸ್ತಾರೆ’ ಎಂಬುದು ಅಪ್ಪ ಅವ್ವಂದಿರ ದೂರು. ಅವರ ಆಸೆಯೆಲ್ಲ ಇಂಗ್ಲಿಷ್ ಮೇಲೆ. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಕನ್ನಡದ ಒತ್ತಕ್ಷರದಲ್ಲಿ ತಡವರಿಸುವ ಮಗುವಿನ ಮುಂದೆ ಈಗ ಇನ್ನೊಂದು ಲಿಪಿಯೂ ಇದೆ.

ಮುಂದಿನ ಜನಗಣತಿಯ ಎಣಿಕೆಗೆ ಆಧಾರವಾಗುವ ದಿನ 2027ರ ಮಾರ್ಚ್ 1. ಯುಗಾದಿಗೆ ಊರಿಗೆ ಮರಳುವ ಕುಟುಂಬಗಳು ಆಗಿನ್ನೂ ಬೆಂಗಳೂರಿನ ಶೆಡ್ಡುಗಳಲ್ಲೇ ಇರುತ್ತವೆ. ಏಳು ವರ್ಷ ತುಂಬಿ, ಯಾವುದಾದರೊಂದು ಭಾಷೆಯನ್ನು ಅರ್ಥವಾಗುವಂತೆ ಓದಿ ಬರೆಯಬಲ್ಲವರು ಸಾಕ್ಷರರು ಎನ್ನುತ್ತದೆ ಜನಗಣತಿ. ಗಣತಿದಾರರು ಶೆಡ್ಡಿನ ಮುಂದೆ ನಿಂತು ಕೇಳುತ್ತಾರೆ, ಮನೆಯವರು ಹೇಳಿದ್ದನ್ನು ದಾಖಲಿಸಿಕೊಳ್ಳುತ್ತಾರೆ. ಮೂರನೇ ತರಗತಿಯ ಮಗಳನ್ನು ತೋರಿಸಿ ‘ಹ್ಞೂಂ, ಸಾಲಿಗಿ ಹೋಗ್ತಾಳ್ರಿ’ ಎಂದು ಅವ್ವ ಹೇಳಿದರೆ, ಹಾಳೆ ಚಾಚಿ ಓದಿಸಿ ನೋಡುವವರು ಅಲ್ಲಿರುವುದಿಲ್ಲ.