ಲಕೋಟೆಯೊಳಗಿನ ಹಣೆಬರಹ

ಚಳಿಗಾಲ ಕಾಲಿಡುತ್ತಿರುವ ಒಂದು ಸಂಜೆ. ಅಮೆರಿಕದ ಹಡ್ಸನ್ ನದಿಯ ದಂಡೆಯಲ್ಲಿರುವ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ವಿಶಾಲ ಸಭಾಂಗಣ. ಸಮವಸ್ತ್ರ ತೊಟ್ಟ ಸುಮಾರು ಒಂದು ಸಾವಿರ ಯುವಕ ಯುವತಿಯರು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಪ್ರತಿಯೊಬ್ಬರ ಕೈಯಲ್ಲೂ ಮುಚ್ಚಿದ ಲಕೋಟೆ. ಆಜ್ಞೆಯಾಗುವವರೆಗೆ ಯಾರೂ ಅದನ್ನು ತೆರೆಯುವಂತಿಲ್ಲ.

ಆಜ್ಞೆ ಬಂದದ್ದೇ ತಡ, ಎಲ್ಲ ಲಕೋಟೆಗಳೂ ಒಟ್ಟಿಗೇ ಹರಿಯುತ್ತವೆ. ಒಳಗಿರುವುದು ಲೋಹದ ಒಂದು ಪುಟ್ಟ ಲಾಂಛನ. ಕತ್ತರಿಯಾಕಾರದಲ್ಲಿ ಎರಡು ಬಂದೂಕುಗಳಿದ್ದರೆ ಪದಾತಿದಳ, ಎರಡು ಫಿರಂಗಿಗಳಿದ್ದರೆ ಫಿರಂಗಿದಳ, ಕೋಟೆಯ ಚಿತ್ರವಿದ್ದರೆ ಎಂಜಿನಿಯರ್ ದಳ. ಕೆಲವರು ಕುಣಿದು ಕುಪ್ಪಳಿಸುತ್ತಾರೆ. ಕೆಲವರು ಲಾಂಛನವನ್ನು ಸುಮ್ಮನೆ ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಾರೆ.

ಇದು ವೆಸ್ಟ್ ಪಾಯಿಂಟಿನ 'ಬ್ರಾಂಚ್ ನೈಟ್'. ನಾಲ್ಕು ವರ್ಷಗಳ ಕಠಿಣ ತರಬೇತಿ ಮುಗಿಸಲಿರುವ ಕೆಡೆಟ್ಟುಗಳು ಸೇನೆಯ ಯಾವ ವಿಭಾಗಕ್ಕೆ ಅಧಿಕಾರಿಗಳಾಗಿ ಹೋಗಬೇಕೆಂಬುದು ತಿಳಿಯುವುದು ಅಂದೇ. ಯುದ್ಧಭೂಮಿಯ ಮುಂಚೂಣಿಯಲ್ಲಿ ನಿಲ್ಲುವುದೋ, ಹೆಲಿಕಾಪ್ಟರ್ ಹಾರಿಸುವುದೋ, ಸೇತುವೆ ಕಟ್ಟುವುದೋ, ಸರಕು ಸಾಗಾಟದ ಲೆಕ್ಕ ನೋಡುವುದೋ ಎಲ್ಲವೂ ಆ ಲಕೋಟೆಯಲ್ಲಿದೆ. ಆದರೆ ಲಕೋಟೆಯೊಳಗೆ ಏನಿರಬೇಕೆಂದು ನಿರ್ಧರಿಸುವವರು ಯಾರು? ಅದು ನ್ಯಾಯವಾಗಿಯೇ ನಡೆಯುತ್ತದೆಯೇ?

ರ‍್ಯಾಂಕೇ ರಾಜ

1802ರಲ್ಲಿ ಆರಂಭವಾದ ಈ ಅಕಾಡೆಮಿಯಲ್ಲಿ ಬಹುಕಾಲ ನಡೆದುಬಂದದ್ದು ರ‍್ಯಾಂಕಿನ ಆಡಳಿತ. ಹತ್ತೊಂಬತ್ತನೆಯ ಶತಮಾನದಲ್ಲಿ ತರಗತಿಯ ಅಗ್ರಗಣ್ಯರು ಹೋಗುತ್ತಿದ್ದುದು ಎಂಜಿನಿಯರ್ ದಳಕ್ಕೆ. 1829ರಲ್ಲಿ ಎರಡನೆಯವನಾಗಿ ತೇರ್ಗಡೆಯಾದ ರಾಬರ್ಟ್ ಇ. ಲೀ ಹೋದದ್ದೂ ಅಲ್ಲಿಗೇ.

1843ರಲ್ಲಿ ಯುಲಿಸಿಸ್ ಗ್ರಾಂಟ್ ಎಂಬ ಹುಡುಗ ತೇರ್ಗಡೆಯಾದ. 39 ಜನರಲ್ಲಿ 21ನೆಯವನು. ಪಾಠದಲ್ಲಿ ಸಾಧಾರಣ, ಕುದುರೆ ಸವಾರಿಯಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅವನು ಬಯಸಿದ್ದೂ ಅಶ್ವದಳವನ್ನೇ. ಸಿಕ್ಕಿದ್ದು ಪದಾತಿದಳ! ಅಶ್ವದಳದಲ್ಲಿ ಸ್ಥಳವಿರಲಿಲ್ಲ. 1861ರ ತಂಡದಲ್ಲಿ ಕಟ್ಟಕಡೆಯವನಾಗಿದ್ದ ಜಾರ್ಜ್ ಕಸ್ಟರನಿಗೆ ಅದೇ ಅಶ್ವದಳ ಸಿಕ್ಕಿತು.

ಮುಂದೆ ನಡೆದದ್ದು ಚರಿತ್ರೆ. ಅಮೆರಿಕದ ಅಂತರ್ಯುದ್ಧದ ಕೊನೆಯಲ್ಲಿ, 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದದ್ದು ಉತ್ತರದ ಸೇನಾಪತಿ ಗ್ರಾಂಟನಿಗೆ. ಎರಡನೆಯ ರ‍್ಯಾಂಕಿನವನು ಇಪ್ಪತ್ತೊಂದನೆಯ ರ‍್ಯಾಂಕಿನವನ ಮುಂದೆ ಸೋಲೊಪ್ಪಿಕೊಂಡ. ಅಂಕಪಟ್ಟಿ ಎಲ್ಲವನ್ನೂ ಹೇಳುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೂ ರ‍್ಯಾಂಕ್ ಪದ್ಧತಿಗೆ ಒಂದು ದೊಡ್ಡ ಗುಣವಿದೆ. ವಿದ್ಯಾಭ್ಯಾಸ, ಸೈನಿಕ ಸಾಮರ್ಥ್ಯ, ದೇಹದಾರ್ಢ್ಯ ಈ ಮೂರನ್ನೂ ಸೇರಿಸಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಮೊದಲಿಗನಿಗೆ ಮೊದಲ ಆಯ್ಕೆ. ಉಳಿದುದರಲ್ಲಿ ಎರಡನೆಯವನಿಗೆ, ಆಮೇಲೆ ಮೂರನೆಯವನಿಗೆ. ಇಲ್ಲಿ ಯಾರೂ ತಮ್ಮ ಮನಸ್ಸಿನ ಆಸೆಯನ್ನು ಬಚ್ಚಿಡಬೇಕಾಗಿಲ್ಲ. ಬೇಕಾದುದನ್ನು ಬೇಕಾದ ಕ್ರಮದಲ್ಲಿ ಬರೆದುಕೊಟ್ಟರೆ ಸಾಕು.

ಮೂರು ವರ್ಷದ ಕರಾರು

ಈ ಶತಮಾನದ ಆರಂಭದಲ್ಲಿ ಸೇನೆಗೆ ಬೇರೊಂದು ಚಿಂತೆ ಹತ್ತಿತು. ವೆಸ್ಟ್ ಪಾಯಿಂಟ್ ಪದವೀಧರರು ಕನಿಷ್ಠ ಐದು ವರ್ಷ ಸೇವೆ ಸಲ್ಲಿಸಬೇಕೆಂಬುದು ನಿಯಮ. ಐದು ವರ್ಷ ತುಂಬಿದ ಕೂಡಲೇ ಬಹಳ ಮಂದಿ ಸೇನೆಗೆ ನಮಸ್ಕಾರ ಹೇಳಿ ಹೊರಡುತ್ತಿದ್ದರು. ತರಬೇತಿಗೆ ಸುರಿದ ಹಣ, ಸಮಯ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

ಆಗ ಸೇನೆ ಒಂದು ಉಪಾಯ ಹೂಡಿತು. 2006ರ ತಂಡದಿಂದ ಪ್ರತಿ ವಿಭಾಗದ ಶೇಕಡಾ 75ರಷ್ಟು ಸ್ಥಾನಗಳನ್ನು ಮೊದಲಿನಂತೆ ರ‍್ಯಾಂಕಿನ ಪ್ರಕಾರ ಕೊಟ್ಟರು. ಉಳಿದ ಶೇಕಡಾ 25ರಲ್ಲಿ, 'ಈ ವಿಭಾಗ ಕೊಟ್ಟರೆ ಇನ್ನೂ ಮೂರು ವರ್ಷ ಹೆಚ್ಚು ದುಡಿಯುತ್ತೇನೆ' ಎಂದು ಸಹಿ ಹಾಕಿದವರಿಗೆ ಆದ್ಯತೆ. ಕೆಡೆಟ್ಟಿಗೆ ಇಷ್ಟವಾದ ವಿಭಾಗ, ಸೇನೆಗೆ ಎಂಟು ವರ್ಷದ ಅಧಿಕಾರಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡರು.

ತೊಡಕು ಇದ್ದದ್ದು ಎಲ್ಲಿ ಗೊತ್ತೆ? ಲೆಕ್ಕಕ್ಕಾಗಿ ಪದಾತಿದಳದಲ್ಲಿ 100 ಸ್ಥಾನಗಳಿವೆ ಎಂದುಕೊಳ್ಳಿ. ಅದನ್ನು ಬಯಸಿದವರ ಸಾಲಿನಲ್ಲಿ ನೀವು 80ನೆಯವರು. ಮೊದಲ 75 ಸ್ಥಾನ ನಿಮಗಿಲ್ಲ. ಉಳಿದ 25ಕ್ಕೆ ನಿಮ್ಮ ಹಿಂದಿನ 30 ಜನ ಸಹಿ ಹಾಕಿದ್ದರೆ, ಸಹಿ ಹಾಕದ ನಿಮಗೆ ಬಾಗಿಲು ಮುಚ್ಚಿತು. ಸಹಿ ಹಾಕಿದವರು ಹತ್ತೇ ಮಂದಿಯಾದರೆ ಉಳಿದ ಸ್ಥಾನಗಳು ರ‍್ಯಾಂಕಿನ ಮೇಲೆ ಹೋಗುತ್ತವೆ. ಸಹಿಯ ಹಂಗಿಲ್ಲದೆ ನಿಮಗೆ ಸ್ಥಾನ ಖಚಿತ.

ಬೇರೆಯವರು ಏನು ಮಾಡಿದ್ದಾರೆಂದು ನಿಮಗೆ ತಿಳಿಯದು. ಹೆದರಿ ಸಹಿ ಹಾಕಿದಿರೋ, ಬೇಕಿಲ್ಲದಿದ್ದರೂ ಮೂರು ವರ್ಷ ಹೆಚ್ಚು ದುಡಿಯಬೇಕು. ಅತ್ತ ನಿಮಗಿಂತ ಹಿಂದಿದ್ದ 85ನೆಯವನು ಸಹಿ ಹಾಕದೆ ಧೈರ್ಯ ಮಾಡಿ, ಅದೇ ಸ್ಥಾನವನ್ನು ಐದೇ ವರ್ಷದ ಕರಾರಿಗೆ ಗಿಟ್ಟಿಸಿಕೊಂಡಿರುತ್ತಾನೆ! ಹೆಚ್ಚು ಅಂಕ ತೆಗೆದವನಿಗೆ ಹೆಚ್ಚು ಭಾರ. ಆಯ್ಕೆಯ ಪಟ್ಟಿ ಹೋಗಿ ಜೂಜಿನ ಚೀಟಿಯಾಯಿತು.

2020ರ ತಂಡದ ಹೊತ್ತಿಗೆ ಮತ್ತೊಂದು ಬದಲಾವಣೆ ಬಂತು. ವಿಭಾಗಗಳಿಗೂ ತಮಗೆ ಹೊಂದುವ ಕೆಡೆಟ್ಟುಗಳನ್ನು ಉತ್ತಮ, ಮಧ್ಯಮ, ಸಾಧಾರಣ ಎಂದು ಮೂರು ಗುಂಪು ಮಾಡುವ ಅಧಿಕಾರ ಸಿಕ್ಕಿತು. ಗ್ರಾಂಟನಂಥ ಸವಾರನನ್ನು ಗುರುತಿಸಲು ಇದು ಒಳ್ಳೆಯ ದಾರಿಯೇ. ಆದರೆ ಹಂಚಿಕೆಯ ವಿಧಾನ ಇನ್ನಷ್ಟು ಗೋಜಲಾಯಿತು. ಸಹಿ ಹಾಕಿದವನು ತನ್ನ ಗುಂಪಿನಲ್ಲಿ ಮುಂದಕ್ಕೆ ಬರುತ್ತಿದ್ದ. ಆದರೆ ಸಹಿ ಹಾಕಿದವರೆಲ್ಲರ ಮೇಲೂ ಹೆಚ್ಚಿನ ವರ್ಷಗಳ ಹೊರೆ ಬೀಳುತ್ತಿರಲಿಲ್ಲ. ಲಾಭ ಪಡೆದು ಬೆಲೆ ತೆರದೆ ಪಾರಾಗಬಹುದೇ ಎಂಬ ಲೆಕ್ಕಾಚಾರಕ್ಕೆ ಹಾದಿಯಾಯಿತು.

ಸುಳ್ಳಾಡದವರಿಗೆ ಸುಳ್ಳಿನ ಪಾಠ

ಇದನ್ನು ಬರಿಯ ಗಣಿತದ ದೋಷವೆಂದು ತಳ್ಳಿಹಾಕುವಂತಿಲ್ಲ. ವೆಸ್ಟ್ ಪಾಯಿಂಟಿನಲ್ಲಿ ಎಲ್ಲ ನಿಯಮಗಳಿಗಿಂತ ಮೇಲಿನದು ಅಲ್ಲಿಯ ಗೌರವ ಸಂಹಿತೆ. ಕೆಡೆಟ್ ಆದವರು ಸುಳ್ಳು ಹೇಳಬಾರದು, ವಂಚಿಸಬಾರದು, ಕದಿಯಬಾರದು. ಹಾಗೆ ಮಾಡುವವರನ್ನು ಸಹಿಸಲೂಬಾರದು. ಇದನ್ನು ಮುರಿದವರು ಅಕಾಡೆಮಿಯಿಂದಲೇ ಹೊರಬೀಳಬಹುದು.

ಅಂಥ ಸಂಸ್ಥೆ ತನ್ನ ಕೆಡೆಟ್ಟುಗಳ ಬದುಕಿನ ಅತಿ ಮುಖ್ಯ ಅರ್ಜಿಯಲ್ಲಿ, ಮನಸ್ಸಿನಲ್ಲಿರುವುದನ್ನು ಹಾಗೆಯೇ ಬರೆದರೆ ನಷ್ಟವಾಗಬಹುದಾದ ನಮೂನೆಯನ್ನು ಕೈಗಿತ್ತಿತ್ತು! ನಾಳೆ ಸೈನಿಕರ ಪ್ರಾಣದ ಹೊಣೆ ಹೊರಬೇಕಾದವರಿಗೆ ಸೇನೆ ಕಲಿಸುವ ಮೊದಲ ಪಾಠ 'ನಿಜ ಹೇಳಿದರೆ ಕೆಟ್ಟೆ' ಎಂದಾದರೆ ಹೇಗೆ?

ಇದನ್ನು ಮೊದಲೇ ಗುರುತಿಸಿದವರಲ್ಲಿ ಪ್ರಮುಖರು ಬಾಸ್ಟನ್ ಕಾಲೇಜಿನ ಅರ್ಥಶಾಸ್ತ್ರಜ್ಞ ತೈಫುನ್ ಸೊನ್ಮೆಜ್. 2013ರಲ್ಲಿ ಟೋಬಿಯಸ್ ಸ್ವಿಟ್ಜರ್ ಜತೆ ಬರೆದ ಪ್ರಬಂಧದಲ್ಲಿ ಅವರು ದೋಷವನ್ನೂ ಪರಿಹಾರವನ್ನೂ ತೋರಿಸಿದ್ದರು. ಸೇನೆ ತಕ್ಷಣ ಬದಲಾಗಲಿಲ್ಲ. 2020ರ ತಂಡದ ಗೊಂದಲವಾದ ಮೇಲೆ ಸೊನ್ಮೆಜ್, ಎಂಐಟಿಯ ಪರಾಗ್ ಪಾಠಕ್, ವೆಸ್ಟ್ ಪಾಯಿಂಟಿನ ಕೈಲ್ ಗ್ರೀನ್‌ಬರ್ಗ್ ಕೂಡಿ ಹೊಸ ವಿಧಾನ ರೂಪಿಸಿದರು. 2021ರ ತಂಡದಿಂದ ಅದು ಜಾರಿಗೆ ಬಂತು.

ಹೊಸ ವಿಧಾನದ ಗುಟ್ಟು ಸರಳ. ಕೆಡೆಟ್ ಈಗ ವಿಭಾಗವನ್ನೂ ಅದರ ಬೆಲೆಯನ್ನೂ ಜೋಡಿಯಾಗಿ ಬರೆಯುತ್ತಾನೆ. ಮೊದಲ ಆಯ್ಕೆ: ಪದಾತಿದಳ, ಐದು ವರ್ಷ. ಎರಡನೆಯದು: ಫಿರಂಗಿದಳ, ಐದು ವರ್ಷ. ಮೂರನೆಯದು: ಪದಾತಿದಳ, ಎಂಟು ವರ್ಷ. ಪದಾತಿದಳಕ್ಕಾಗಿ ಹೆಚ್ಚು ವರ್ಷ ತೆರಲು ಸಿದ್ಧನಿದ್ದೇನೆ, ಆದರೆ ಅದಕ್ಕಿಂತ ಫಿರಂಗಿದಳವೇ ವಾಸಿ ಎಂಬ ಮನಸ್ಸಿನ ಮಾತನ್ನು ಹೇಳಲು ಹಳೆಯ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಆಮೇಲೆ ಕಂಪ್ಯೂಟರ್ ಪ್ರತಿಯೊಬ್ಬರ ಅರ್ಜಿಯನ್ನೂ ಮೊದಲ ಆಯ್ಕೆಯಿಂದ ಒಯ್ಯುತ್ತದೆ. ವಿಭಾಗ ಅರ್ಜಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತದೆ; ಆದ್ಯತೆಯಲ್ಲಿ ಮೇಲಿನವರು ಬಂದರೆ ಕೆಳಗಿನವರು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ. ಕೊನೆಯವರೆಗೆ ಯಾವ ಸ್ಥಾನವೂ ಪಕ್ಕಾ ಅಲ್ಲ. ಹಾಗಾಗಿ ದೊಡ್ಡ ಆಸೆಯನ್ನು ಮೊದಲು ಬರೆದುದಕ್ಕೆ ಯಾರೂ ದಂಡ ತೆರುವುದಿಲ್ಲ. ನಿಜ ಬರೆಯುವುದೇ ಅತ್ಯುತ್ತಮ ತಂತ್ರ!

ಈ ವಿಚಾರದ ಬೇರು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಬರೆದ ಪುಟ್ಟ ಪ್ರಬಂಧದಲ್ಲಿದೆ. ವಧೂವರರನ್ನು ಹೇಗೆ ಜೋಡಿಸಿದರೆ ಮದುವೆಗಳು ಮುರಿಯವು ಎಂಬುದು ಅವರ ಉದಾಹರಣೆ. ಇದೇ ಹಾದಿಯ ಕೆಲಸಕ್ಕೆ 2012ರಲ್ಲಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಮನೆಯ ಲಕೋಟೆ

ಅಮೆರಿಕದ ಕೆಡೆಟ್ಟುಗಳ ಕಥೆ ನಮಗೇಕೆ ಎನ್ನಬೇಡಿ. ಕರ್ನಾಟಕದಲ್ಲಿ 1994ರಿಂದ ಸಿಇಟಿ ನಡೆದುಬಂದಿದೆ. ರ‍್ಯಾಂಕಿನ ಕ್ರಮದಲ್ಲಿ ಕೌನ್ಸೆಲಿಂಗಿಗೆ ಕರೆದು, ಖಾಲಿ ಇರುವ ಸೀಟುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಿ ಎನ್ನುತ್ತಿದ್ದ ಕಾಲವನ್ನು ಅನೇಕ ತಂದೆ ತಾಯಂದಿರು ಮರೆತಿರಲಾರರು. ಈಗ ಆಯ್ಕೆಗಳನ್ನು ಕಂಪ್ಯೂಟರಿನಲ್ಲಿ ತುಂಬಬೇಕು. 'ಸಿಗಲಾರದ ಕಾಲೇಜನ್ನು ಮೊದಲು ಬರೆದರೆ ಸಿಗುವುದೂ ಕೈತಪ್ಪೀತೇನೋ' ಎಂಬ ಭಯ ಎಷ್ಟು ಮನೆಗಳಲ್ಲಿಲ್ಲ! ಶುದ್ಧ ರ‍್ಯಾಂಕ್ ಹಂಚಿಕೆಯಲ್ಲಿ ಆ ಭಯಕ್ಕೆ ಆಧಾರವಿಲ್ಲ. ಆದರೆ ನಿಯಮಗಳು ಒಂದರ ಮೇಲೊಂದು ಸೇರಿದಂತೆಲ್ಲ, ಬಲ್ಲವರ ಸಲಹೆ ಸಿಕ್ಕವರು ಗೆಲ್ಲುತ್ತಾರೆ. ಹಳ್ಳಿಯ ಹುಡುಗ ನಂಬಿ ಕೆಡುತ್ತಾನೆ.

ಎಲ್ಲರಿಗೂ ಬಯಸಿದ್ದನ್ನು ಕೊಡಲು ಯಾವ ಪದ್ಧತಿಗೂ ಸಾಧ್ಯವಿಲ್ಲ. ಅಶ್ವದಳದಲ್ಲಿ ಸ್ಥಳವಿಲ್ಲದಿದ್ದರೆ ಗ್ರಾಂಟ್ ಪದಾತಿದಳಕ್ಕೆ ಹೋಗಲೇಬೇಕು. ಆದರೆ ಲಕೋಟೆ ತೆರೆದು ನಿರಾಶನಾದವನಿಗೂ 'ನನಗಿಂತ ಅರ್ಹನಿಗೆ ಸಿಕ್ಕಿತು' ಎಂಬ ಸಮಾಧಾನವಿರಬೇಕು. 'ನಿಜ ಬರೆದು ಕೆಟ್ಟೆ' ಎಂಬ ಕೊರಗು ಉಳಿಯಬಾರದು. ಅಷ್ಟನ್ನು ಕೊಡುವುದು ಪದ್ಧತಿ ಮಾಡಿದವರ ಕೈಯಲ್ಲೇ ಇದೆ.